ಬೆರೆನಿಸ್ ಅಬಟ್ ಕಂಡ ನ್ಯೂಯಾರ್ಕ್

1929ರ ಆರಂಭದಲ್ಲಿ ಬೆರೆನಿಸ್ ಅಬಟ್ ಪ್ಯಾರಿಸ್ಸಿನಿಂದ ನ್ಯೂಯಾರ್ಕಿಗೆ ಬಂದದ್ದು ಸ್ವಲ್ಪ ದಿನಗಳ ಕೆಲಸಕ್ಕೆ. 1927ರಲ್ಲಿ ತೀರಿಕೊಂಡಿದ್ದ ಫ್ರೆಂಚ್ ಛಾಯಾಗ್ರಾಹಕ ಯೂಜೀನ್ ಅಟ್ಜೆಯ ಚಿತ್ರಗಳಿಗೆ ಪ್ರಕಾಶಕರನ್ನು ಹುಡುಕಬೇಕಿತ್ತು. ಹಳೆಯ ಪ್ಯಾರಿಸ್ಸಿನ ಓಣಿ, ಅಂಗಡಿ, ಬಾಗಿಲುಗಳನ್ನು ದಶಕಗಳ ಕಾಲ ಚಿತ್ರಿಸಿದ್ದವನು ಆತ. ಆದರೆ ಆಕೆ ಎಂಟು ವರ್ಷಗಳ ಹಿಂದೆ ಬಿಟ್ಟುಹೋಗಿದ್ದ ನ್ಯೂಯಾರ್ಕೇ ಕರಗಿಹೋಗುತ್ತಿತ್ತು. ಒಂದೆಡೆ ಹಳೆಯ ಇಟ್ಟಿಗೆಯ ಮನೆಗಳು ಉರುಳುತ್ತಿದ್ದವು, ಇನ್ನೊಂದೆಡೆ ಗಗನಚುಂಬಿಗಳು ಏಳುತ್ತಿದ್ದವು. ಪ್ಯಾರಿಸ್ಸಿನ ತಮ್ಮ ಸ್ಟುಡಿಯೋ ಮುಚ್ಚಿ ಆಕೆ ಅದೇ ವರ್ಷ ಮರಳಿದರು. ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು.

ನಗರವನ್ನು ದಾಖಲಿಸಲು ಹಣ ಕೊಡುವವರು ಆರು ವರ್ಷ ಸಿಗಲಿಲ್ಲ. ಹೊಟ್ಟೆಪಾಡಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಆಕೆ ಬೀದಿಗಿಳಿಯುತ್ತಿದ್ದರು. 1935ರಲ್ಲಿ ಸರ್ಕಾರದ ಫೆಡರಲ್ ಆರ್ಟ್ ಪ್ರಾಜೆಕ್ಟ್, ಅಂದರೆ ನಿರುದ್ಯೋಗಿ ಕಲಾವಿದರಿಗೆಂದೇ ರೂಪಿಸಿದ ಯೋಜನೆ, ಸಂಬಳವನ್ನೂ ಸಹಾಯಕರನ್ನೂ ಕೊಟ್ಟಿತು.

ಆಗ ಆಕೆ ಹೆಚ್ಚಾಗಿ ಬಳಸಿದ್ದು ಎಂಟು ಅಂಗುಲ ಅಗಲ, ಹತ್ತು ಅಂಗುಲ ಉದ್ದದ ಫಿಲ್ಮ್ ಹಾಳೆ ಹಿಡಿಯುವ ಭಾರೀ ಕ್ಯಾಮೆರಾ. ಮುಕ್ಕಾಲಿಯ ಮೇಲೆ ಅದನ್ನು ನಿಲ್ಲಿಸಿ, ಕರಿಬಟ್ಟೆಯೊಳಗೆ ತಲೆ ಹುದುಗಿಸಿ, ತಲೆಕೆಳಗಾಗಿ ಕಾಣುವ ದೃಶ್ಯವನ್ನು ನೋಡಬೇಕು. ಜನಜಂಗುಳಿಯ ಪೇಟೆಯಲ್ಲಿ ಇದು ಸಣ್ಣ ಸಾಹಸವಲ್ಲ. ಫಲವೂ ಹಾಗೆಯೇ ಇತ್ತು. ಬೋವರಿ ಬೀದಿಯ ಅಗ್ಗದ ಹೋಟೆಲೊಂದರ 1935ರ ಚಿತ್ರದಲ್ಲಿ ಕಿಟಕಿಯ ಮೇಲೆ ಬರೆದ ತಿಂಡಿಗಳ ಹೆಸರು, ದರಗಳನ್ನು ಇಂದಿಗೂ ಓದಬಹುದು.

ಬಣ್ಣವಿಲ್ಲದ ಚಿತ್ರಕ್ಕೆ ನೆರಳೇ ಬಂಡವಾಳ. ಬೋವರಿಯ ಮೇಲೆ ಹಾದುಹೋಗುತ್ತಿದ್ದ ಎತ್ತರದ ರೈಲುಹಳಿಗಳ ಸಂದಿಯಿಂದ ಇಳಿದ ಬಿಸಿಲು ರಸ್ತೆಯ ಮೇಲೆ ಚಾಪೆಯ ಹೆಣಿಗೆಯಂತೆ ಬಿದ್ದಿರುವುದನ್ನು ಆಕೆ 1936ರಲ್ಲಿ ಹಿಡಿದರು. ಅಲ್ಲಿ ರೈಲು ನಿಂತದ್ದು 1955ರಲ್ಲಿ. ಹಳಿಗಳೊಡನೆ ಆ ನೆರಳೂ ಹೋಯಿತು.

ಸರ್ಕಾರದ ನೆರವು ಸಿಗುವ ಮೊದಲೇ ತೆಗೆದ ರಾತ್ರಿಯ ಚಿತ್ರವೊಂದು ಆಕೆಯ ಅತ್ಯಂತ ಪ್ರಸಿದ್ಧ ಕೃತಿ. ಎಂಪೈರ್ ಸ್ಟೇಟ್ ಕಟ್ಟಡದ ಕಿಟಕಿಯಿಂದ ತೆಗೆದದ್ದು. ಕತ್ತಲಾಗಿರಬೇಕು, ಆದರೆ ಕಚೇರಿಗಳ ದೀಪ ಆರಿರಬಾರದು. ಗುಮಾಸ್ತರು ಐದಕ್ಕೆ ಹೊರಡುತ್ತಾರೆ. ಐದಕ್ಕೆ ಮುನ್ನವೇ ಕತ್ತಲು ಕವಿಯುವುದು ಡಿಸೆಂಬರಿನ ಅತಿ ಗಿಡ್ಡ ದಿನಗಳಲ್ಲಿ ಮಾತ್ರ. ಹಾಗೆ ಲೆಕ್ಕ ಹಾಕಿ ಕಾದು, ಹದಿನೈದು ನಿಮಿಷ ಕ್ಯಾಮೆರಾದ ಕಣ್ಣು ತೆರೆದಿಟ್ಟರು. ಕಟ್ಟಡ ಗಾಳಿಗೆ ತೂಗಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕಿತ್ತೋ ಏನೋ!

ಯೋಜನೆಯಡಿ 300ಕ್ಕೂ ಹೆಚ್ಚು ಚಿತ್ರಗಳು ಸಿದ್ಧವಾದವು. 1939ರಲ್ಲಿ ಅವುಗಳಲ್ಲಿ 97ನ್ನು ಆಯ್ದು 'ಚೇಂಜಿಂಗ್ ನ್ಯೂಯಾರ್ಕ್' ಪುಸ್ತಕ ಹೊರಬಂತು. ವಿಮರ್ಶಕಿ ಎಲಿಜಬೆತ್ ಮೆಕಾಸ್ಲೆಂಡ್ ಚಿತ್ರಗಳಿಗೆ ಬರೆದ ಹರಿತವಾದ ಟಿಪ್ಪಣಿಗಳನ್ನು ಪ್ರಕಾಶಕರು ಒಪ್ಪಲಿಲ್ಲ. ಆ ವರ್ಷ ನಗರದಲ್ಲಿ ವಿಶ್ವಮೇಳ. ಪ್ರವಾಸಿಗರ ಕೈಪಿಡಿಯಾದರೆ ಪುಸ್ತಕ ಮಾರಾಟವಾದೀತು ಎಂಬುದು ಅವರ ಎಣಿಕೆ. ನಗರ ತನ್ನನ್ನೇ ನುಂಗುತ್ತಿರುವುದನ್ನು ತೋರಿಸಿದ ಚಿತ್ರಗಳ ಕೆಳಗೆ ಕಟ್ಟಡಗಳ ಮಾಹಿತಿ ಅಚ್ಚಾಯಿತು. ಅದೇ ವರ್ಷ ಅಬಟ್‌ರ ಸರ್ಕಾರಿ ಕೆಲಸವೂ ಮುಗಿಯಿತು. ಚಿತ್ರಗಳು ನ್ಯೂಯಾರ್ಕಿನ ನಗರ ಮ್ಯೂಸಿಯಂ ಸೇರಿದವು.