ಕೆರೆಮೀನಿನ ಹುಣ್ಣುರೋಗ: ಕಾರಣಶೋಧದ ಇತಿಹಾಸ

ಕೆರೆಕೊಳಗಳ ಮೀನುಗಳಿಗೆ ರೋಗಪೀಡೆ ಹೊಸದಲ್ಲ. ಚರ್ಮಕ್ಕೆ ಅಂಟಿ ರಕ್ತ ಹೀರುವ ಮೀನುಹೇನು, ಮಾಂಸದೊಳಗೆ ತಲೆ ನೆಟ್ಟು ಹೊರಗೆ ದಾರದಂತೆ ಜೋಲುವ ಲರ್ನಿಯಾ, ರೆಕ್ಕೆಬಾಲಗಳನ್ನು ಕೊಳೆಯಿಸುವ ಬ್ಯಾಕ್ಟೀರಿಯಾ ಮೊದಲಾದವು ಮೀನು ಸಾಕುವವರಿಗೆ ಚಿರಪರಿಚಿತ. ಇವುಗಳ ನಡುವೆ 1988ರಲ್ಲಿ ಭಾರತವನ್ನು ಪ್ರವೇಶಿಸಿದ ಹುಣ್ಣುರೋಗದ ಚರಿತ್ರೆಯು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು. ಇದರ ಕಾರಣಜೀವಿ ಮೊದಲೇ ಕಣ್ಣಿಗೆ ಬಿದ್ದಿದ್ದರೂ ವಿದ್ವಾಂಸರು ಅದನ್ನು ಒಪ್ಪಲು ಸುಮಾರು ಕಾಲು ಶತಮಾನ ಹಿಡಿಯಿತು. ಈ ವಿಳಂಬದ ಕಾರಣಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1971ರಲ್ಲಿ ಜಪಾನಿನ ಎಗುಸಾ ಮತ್ತು ಮಸುದಾ ಅವರು ಸಾಕಣೆಯ ಆಯು ಮೀನುಗಳಲ್ಲಿ ಈ ರೋಗವನ್ನು ವರ್ಣಿಸಿದರು. ಹುಣ್ಣಿನ ಆಳದ ಮಾಂಸದಲ್ಲಿ ಶಿಲೀಂಧ್ರದಂಥ ಎಳೆಗಳೂ ಅವುಗಳ ಸುತ್ತ ಗಂಟುಗಳೂ ಕಂಡುಬಂದವು. 1972ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಅಳಿವೆಗಳಲ್ಲಿ ಕಾಣಿಸಿಕೊಂಡ ರೋಗಕ್ಕೆ 'ಕೆಂಪುಚುಕ್ಕೆ ರೋಗ' ಎಂಬ ಹೆಸರಾಯಿತು. ಪಪುವಾ ನ್ಯೂಗಿನಿ, ಇಂಡೊನೇಷ್ಯ, ಥಾಯ್ಲೆಂಡ್‌ಗಳಿಗೆ ಅದು ಹಬ್ಬಿತು. 1986ರಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ತಜ್ಞರು ಏಷ್ಯದ ರೋಗಕ್ಕೆ ಒಂದು ಸಾಮಾನ್ಯ ಹೆಸರನ್ನು ನೀಡಿದರು. ಆದರೆ ಜಪಾನ್, ಆಸ್ಟ್ರೇಲಿಯ ಮತ್ತು ಏಷ್ಯದ ಇತರ ದೇಶಗಳ ರೋಗಗಳು ಒಂದೇ ಎಂಬುದು ಆಗ ಸಿದ್ಧವಾಗಿರಲಿಲ್ಲ.

1988ರಲ್ಲಿ ಬಾಂಗ್ಲಾದೇಶದ ಬಳಿಕ ನಮ್ಮ ಈಶಾನ್ಯ ರಾಜ್ಯಗಳಲ್ಲಿ ರೋಗ ತಲೆದೋರಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಕೇರಳ, ಕರ್ನಾಟಕಗಳನ್ನೂ ಮುಟ್ಟಿತು. ಕೊರವ ಹಾಗೂ ಪುಂಟಿಯಸ್ ಜಾತಿಯ ಸಣ್ಣ ಮೀನುಗಳು ಹೆಚ್ಚಾಗಿ ಬಲಿಯಾದವು. ಕಾಟ್ಲಾ, ಮೃಗಾಲಗಳೂ ನರಳಿದವು. ಸಾಮಾನ್ಯ ಗೆಂಡೆ ಬಹುಮಟ್ಟಿಗೆ ಪಾರಾಯಿತು. ಈ ರೋಗವು ಮನುಷ್ಯರಿಗೆ ತಗಲುವುದಿಲ್ಲ. ಆದರೂ ಹುಣ್ಣಿನ ನೋಟಕ್ಕೆ ಹೆದರಿದ ಜನ ಅನೇಕ ಕಡೆ ಮೀನು ತಿನ್ನುವುದನ್ನೇ ಬಿಟ್ಟರು. ರೋಗವಿಲ್ಲದ ಮೀನಿಗೂ ಬೆಲೆಯಿಲ್ಲದಾಗಿ, ದಿನದ ಬಲೆಯನ್ನೇ ನಂಬಿದ್ದ ಮೀನುಗಾರರು ಎರಡು ಬಗೆಯ ನಷ್ಟವನ್ನು ಹೊತ್ತರು.

ಕಾರಣದ ಬಗ್ಗೆ ಭಿನ್ನಾಭಿಪ್ರಾಯಗಳಿದ್ದವು. ಆಗ್ನೇಯ ಏಷ್ಯದ ರೋಗಿಷ್ಠ ಕೊರವ ಮೀನುಗಳಲ್ಲಿ ರ‍್ಯಾಬ್ಡೊ ವೈರಸ್ ದೊರೆತಿತ್ತು. ಹುಣ್ಣುಗಳಲ್ಲಿ ಏರೊಮೊನಾಸ್ ಹೈಡ್ರೊಫಿಲ ಎಂಬ ಬ್ಯಾಕ್ಟೀರಿಯಾ ಪದೇಪದೇ ಸಿಗುತ್ತಿತ್ತು. ಕೀಟನಾಶಕ, ನೀರಿನ ಆಮ್ಲತೆಗಳ ಕಡೆಗೂ ಕೆಲವರು ಬೆರಳು ತೋರಿದರು. ಆದರೆ ವೈರಸ್ಸು ಎಲ್ಲ ರೋಗಿಷ್ಠ ಮೀನುಗಳಲ್ಲಿ ಇರಲಿಲ್ಲ. ಬ್ಯಾಕ್ಟೀರಿಯಾವಾದರೋ ರೋಗವಿಲ್ಲದ ಕೊಳಗಳಲ್ಲಿಯೂ ಇತ್ತು. ಇವೆಲ್ಲಕ್ಕೂ ಮೂಲವಾದ ಜೀವಿ ತೆರೆದ ಹುಣ್ಣಿನ ಮೇಲ್ಮೈಯಿಂದ ತೆಗೆದ ಮಾದರಿಯಲ್ಲಿ ಸುಲಭವಾಗಿ ದೊರೆಯದು. ಇತರ ಸೂಕ್ಷ್ಮಜೀವಿಗಳು ಬೇಗ ಬೆಳೆದು ಅದನ್ನು ಮುಚ್ಚಿಬಿಡುತ್ತವೆ. 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಬೆಳೆಯುವುದೂ ಇಲ್ಲ.

1990ರ ದಶಕದಲ್ಲಿ ರಾಬರ್ಟ್ಸ್, ವಿಲ್ಲೋಬಿ, ಲಿಲ್ಲಿ ಮೊದಲಾದವರ ಸಂಶೋಧನೆಗಳು ಈ ತೊಡಕನ್ನು ಬಿಡಿಸಿದವು. ಆಳದ ಮಾಂಸದಿಂದ ಬೇರ್ಪಡಿಸಿದ ಜೀವಿಯನ್ನು ಆರೋಗ್ಯವಂತ ಕೊರವ ಮೀನಿನ ಸ್ನಾಯುವಿಗೆ ಸೇರಿಸಿದಾಗ ಅದೇ ರೋಗ ಮರುಕಳಿಸಿತು. ಅಫನೊಮೈಸಿಸ್ ಇನ್ವೇಡನ್ಸ್ ಎಂದು ಇಂದು ಕರೆಯಲಾಗುವ ಇದು ಶಿಲೀಂಧ್ರವನ್ನು ಹೋಲುವ ನೀರ್ಬೂಷ್ಟು. ಜಪಾನಿನಲ್ಲಿ ಮೊದಲು ಕಂಡದ್ದೂ ಇದೇ ಎಂಬುದು ಅನಂತರ ದೃಢಪಟ್ಟಿತು. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಸಂಶೋಧಕರು ಕರ್ನಾಟಕದ ಸಿಹಿನೀರು ಹಾಗೂ ಹಿನ್ನೀರುಗಳಲ್ಲಿ ರೋಗ ಹರಡಿದ ಬಗೆಯನ್ನು ವಿಶ್ಲೇಷಿಸಿ 1994ರಲ್ಲಿ ಪ್ರಕಟಿಸಿದ ಲೇಖನವು ಈ ಘಟ್ಟದ ಮುಖ್ಯ ದಾಖಲೆಗಳಲ್ಲೊಂದು.

ಕಾರಣ ನಿಶ್ಚಯವಾಗುವವರೆಗೆ ರೈತರು ಕಾಯುವಂತಿರಲಿಲ್ಲ. ಕೊಳಕ್ಕೆ ಸುಣ್ಣ ಹಾಕುವ ಹಳೆಯ ಪದ್ಧತಿಯೇ ಆಸರೆಯಾಯಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಾಕಣೆ ಸಂಸ್ಥೆಯು ರೂಪಿಸಿದ ಸಿಫಾಕ್ಸ್ ಔಷಧಿಯನ್ನು ಒಂದು ಮೀಟರ್ ಆಳದ ಹೆಕ್ಟೇರ್ ನೀರಿಗೆ 1 ಲೀಟರಿನಂತೆ ಬಳಸುವ ಕ್ರಮವೂ ಬಂದಿತು. ಆದರೆ ಇವು ಕೊಳದ ಮಿತಿಯಲ್ಲಿ ಸಾಧ್ಯವೇ ಹೊರತು, ಹರಿಯುವ ಹೊಳೆಗೂ ವಿಶಾಲವಾದ ಕೆರೆಗೂ ಅನ್ವಯಿಸುವ ಉಪಾಯಗಳಲ್ಲ.

2006ರಲ್ಲಿ ಆಫ್ರಿಕದ ಚೋಬೆ–ಜಾಂಬೆಜಿ ನದಿಗಳ ಮೀನುಗಳಲ್ಲಿ ಹುಣ್ಣುಗಳು ಕಂಡಾಗ, ಮರುವರ್ಷವೇ ರೋಗನಿರ್ಣಯವಾಯಿತು. ಏಷ್ಯದ ಕೆರೆಗಳಲ್ಲಿ ವರ್ಷಗಟ್ಟಲೆ ನಡೆದ ಶೋಧದ ಫಲವದು. ಆ ಶೋಧ ನಡೆಯುತ್ತಿದ್ದ ವರ್ಷಗಳ ಬೆಲೆಯನ್ನು ತೆತ್ತವರು ಮೀನುಗಾರರು ಎಂಬುದನ್ನೂ ಈ ಇತಿಹಾಸವು ದಾಖಲಿಸಬೇಕಾಗುತ್ತದೆ.