ಹುಣಸೂರಿನ ಕಂಬಳಿ

ಮಿತವ್ಯಯದ ಮಾತೆತ್ತಿದೊಡನೆ ನಗರವಾಸಿಗಳಾದ ನಮ್ಮಲ್ಲಿ ಅನೇಕರು ಅಗ್ಗದ ಅಂಗಡಿ ಯಾವ ಬೀದಿಯಲ್ಲಿದೆಯೆಂದು ವಿಚಾರಿಸುತ್ತೇವೆ. ನಮ್ಮ ಹಿರಿಯರ ಲೆಕ್ಕ ಬೇರೆಯಾಗಿತ್ತು. ಬಟ್ಟೆಗೆ ತೆತ್ತ ಬೆಲೆಗಿಂತ ಅದು ಎಷ್ಟು ಕಾಲ, ಎಷ್ಟು ಬಗೆಯಾಗಿ ಒದಗಿತೆಂಬುದನ್ನೇ ಅವರು ಎಣಿಸುತ್ತಿದ್ದರು. ಈ ಲೆಕ್ಕವನ್ನು ಅರಿಯಬೇಕಾದರೆ ಮೈಸೂರಿಗೆ ಪಶ್ಚಿಮದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಹಿಂದಿನ ಎಡತೊರೆಯಾದ ಕೃಷ್ಣರಾಜನಗರ ಈ ಸೀಮೆಯ ಕಡೆಗೆ ತಿರುಗಿ ನೋಡುವುದು ಒಳ್ಳೆಯದು.

ಹುಣಸೂರೆಂದರೆ ಈಗ ಹೊಗೆಸೊಪ್ಪು ನೆನಪಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಾದರೋ ಅದು ದಂಡಿನ ಸಾಮಗ್ರಿಯ ಊರು. ಅಮೃತಮಹಲಿನ ರಾಸುಗಳ ಠಾಣೆ ಅಲ್ಲಿದ್ದಿತು. ಮದರಾಸಿನ ಕಮಿಸರಿಯೆಟ್ ಇಲಾಖೆಯವರು ಚರ್ಮ ಹದಮಾಡುವ ದೊಡ್ಡ ಕಾರ್ಖಾನೆಯನ್ನೂ ಕಂಬಳಿಯ ಕಾರ್ಖಾನೆಯನ್ನೂ ಮರದ ದಾಸ್ತಾನನ್ನೂ 1864ರ ವರೆಗೆ ಅಲ್ಲಿ ನಡೆಯಿಸಿದರು. ಬಳಿಕ ಇಲಾಖೆ ಊರನ್ನು ಬಿಟ್ಟಿತು, ಕಸುಬು ಬಿಡಲಿಲ್ಲ. ಬೂಟು, ಸಿಪಾಯಿಯ ಬೆನ್ನುಚೀಲ, ಕಂಬಳಿ ಇವುಗಳ ತಯಾರಿಕೆಯನ್ನು ಖಾಸಗಿ ಜನರೇ ಮುಂದುವರಿಸಿದರು. ವಿದೇಶದ ಮೆರಿನೊ ಕುರಿಯ ಮಿಶ್ರತಳಿಯ ಉಣ್ಣೆಯಿಂದ ಅಲ್ಲಿ ಕಂಬಳಿಗಳಾಗುತ್ತಿದ್ದುವೆಂದು ಹಳೆಯ ಗ್ಯಾಸೆಟಿಯರುಗಳಿಂದ ತಿಳಿದುಬರುತ್ತದೆ.

ಕಂಬಳಿಯನ್ನು ಈ ನಾಡಿಗೆ ಕಲಿಸಿದವರು ಕಮಿಸರಿಯೆಟಿನವರೆಂದು ಯಾರೂ ಭಾವಿಸಬಾರದು. 1800ರಲ್ಲಿ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯಲ್ಲಿ ಕುರುಬರು ಕಂಬಳಿ ನೇಯುವುದನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಕುರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ಮನೆಯ ಹೆಂಗಸರು ನೂಲುವರು. ಹಾಸಿಗೆ ಹುಣಸೆಬೀಜದ ಗಂಜಿಯನ್ನು ಹಾಕಿ ಗಂಡಸರು ನೇಯುವರು. ಕರಿಯ ಕುರಿಯ ಉಣ್ಣೆಗೆ ಬಣ್ಣದ ಖರ್ಚೂ ಇಲ್ಲ.

ಇಂತಹ ಕಂಬಳಿಯೊಂದರ ಆಯುಷ್ಯವನ್ನು ಗಮನಿಸಬೇಕು. ಮುಂಗಾರಿನಲ್ಲಿ ಕೊಡಗಿನ ಕಡೆಯಿಂದ ಮಳೆ ಹೊಡೆಯುವಾಗ ಒಕ್ಕಲಿಗನಿಗೆ ಅದೇ ಕೊಪ್ಪೆ. ಕೊಡೆಗೆ ಒಂದು ಕೈ ಬೇಕು. ಕೊಪ್ಪೆ ಎರಡು ಕೈಗಳನ್ನೂ ನೇಗಿಲಿಗೆ ಬಿಟ್ಟುಕೊಡುತ್ತದೆ. ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ. ಊರ ಹಿರಿಯರು ನ್ಯಾಯಕ್ಕೆ ಕುಳಿತರೆ ಅದನ್ನೇ ಹಾಸುವರು. ದೇವರ ಕಾರ್ಯಕ್ಕೆ ಅದೇ ಗದ್ದುಗೆ. ಬೀಜದ ಗಂಟನ್ನೂ ಅದರಲ್ಲಿ ಕಟ್ಟಿ ಹೊರುವರು. ಅಂಚು ಸವೆದರೆ ಮತ್ತೆ ಹೊಲಿಯುವರು. ನಡುವೆ ಹರಿದರೆ ತುಂಡುಮಾಡಿ ಮಗುವಿನ ಕೆಳಗೆ ಹಾಸುವರು. ಕೊನೆಗೆ ಅದು ಚಳಿಯಲ್ಲಿ ಕರುವಿನ ಬೆನ್ನಿನ ಮೇಲೆ ಬೀಳುವುದು. ನಮ್ಮ ಮನೆಗಳಲ್ಲಿ ಈ ಕೆಲಸಗಳಿಗೆ ಏಳೆಂಟು ವಸ್ತುಗಳನ್ನು ಕೊಂಡಿಟ್ಟಿರುತ್ತೇವೆ. ಕರು ಮಾತ್ರ ಇರುವುದಿಲ್ಲ!

ಹತ್ತಿಯ ಬಟ್ಟೆಯ ಕಥೆಯೂ ಹೀಗೆಯೇ. ಸೀರೆ ನಡುವಿನಲ್ಲಿ ಜಾಳಾದರೆ ಆ ಭಾಗವನ್ನು ತೆಗೆದು ಉಳಿದೆರಡು ತುಂಡುಗಳನ್ನು ಕೂಡಿಸಿ ಉಡುತ್ತಿದ್ದರು. ಆಮೇಲೆ ಅದು ಕೂಸಿನ ಜೋಲಿ; ಆಮೇಲೆ ಕೊಡದ ಕೆಳಗಿನ ಸಿಂಬಿ; ಕಟ್ಟಕಡೆಗೆ ಒಲೆಯ ಬಳಿಯ ಮಸಿಬಟ್ಟೆ. ಮೆತ್ತಗಾದ ಸೀರೆ ಪಂಚೆಗಳನ್ನು ಪದರಪದರವಾಗಿ ಹರಡಿ ಒತ್ತಾಗಿ ಹೊಲಿದರೆ ಕೌದಿಯಾಯಿತು. ಉತ್ತರದ ಜಿಲ್ಲೆಗಳಲ್ಲಿ ಈ ಕೌದಿಯ ಕಲೆ ಇನ್ನೂ ಹೆಚ್ಚು ಬೆಳೆದಿದೆ. ಹಳೆಯ ಜರತಾರಿ ಸೀರೆಯ ಜರಿಯನ್ನು ಸುಟ್ಟು, ಬಂದ ಬೆಳ್ಳಿಯನ್ನು ಮಾರಿಕೊಳ್ಳುತ್ತಿದ್ದುದೂ ಉಂಟು.

ಆದರೆ ಒಂದು ಮಾತನ್ನು ಮರೆಮಾಡಬಾರದು. ಬಡವನ ಬಡತನವನ್ನು ಮಿತವ್ಯಯವೆಂದು ಹೊಗಳುವುದು ಉಳ್ಳವರಿಗೆ ಬಹಳ ಸುಲಭ. ಎರಡು ಸೀರೆಯುಳ್ಳವಳು ಹಳೆಯದನ್ನು ಕೌದಿಗೆ ಕೊಡಬಲ್ಲಳು. ಒಂದೇ ಸೀರೆಯುಳ್ಳವಳು ಅದರ ಅರ್ಧವನ್ನು ಒಗೆದು ಒಣಗಿಸುವಾಗ ಉಳಿದರ್ಧವನ್ನು ಸುತ್ತಿಕೊಂಡಿರಬೇಕು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಈ ಭೇದ ನಗರಗಳಿಗೂ ಅರಿವಾಯಿತು. ಬಟ್ಟೆಯ ಅಭಾವದಿಂದ 1943ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆ ಹೊರಟಿತು. ಸಂಸ್ಥಾನದ ಪೇಟೆಗಳಿಗೂ ಆ ಬಿಗಿ ತಟ್ಟದೆ ಇರಲಿಲ್ಲ. ಗಿರಣಿಬಟ್ಟೆ ಅಗ್ಗವಾಗಿದ್ದಾಗ ಹರಿದುದನ್ನು ಬಿಸುಟವರು ಆಗ ಪೆಟ್ಟಿಗೆಯ ತಳವನ್ನು ಕೆದಕಿದರು. ತಾಯಂದಿರು ಕಟ್ಟಿಟ್ಟಿದ್ದ ಚಿಂದಿಯ ಗಂಟು ಹಲವರಿಗೆ ಒದಗಿತು. ಗಂಟೇ ಇಲ್ಲದವರ ಗತಿ ಬೇರೆ. ತೇಪೆ ಹಾಕುವುದಕ್ಕೂ ಇನ್ನೊಂದು ಚೂರು ಬಟ್ಟೆ ಬೇಕಷ್ಟೆ.

ಹಳ್ಳಿಯಲ್ಲಿ ಕಂಬಳಿಯುಳ್ಳವನಿಗೆ ಗಿರಣಿಯ ಹಂಗು ಅಷ್ಟರಮಟ್ಟಿಗೆ ಕಡಿಮೆ. ಅದರ ಉಣ್ಣೆ ಊರ ಹಿಂಡಿನದು, ನೂಲು ನೆರೆಮನೆಯದು. ಹರಿದಾಗ ಹೊಲಿದು ಕೊಡುವವನೂ ನೇಯ್ದವನೇ.