ಪ್ಲಾಟಿನ ಕಲ್ಲಿನ ಕೆಳಗೆ ಎಷ್ಟು ಕಾಗದ?

ಕುಸನೂರ ಕಡೆ ಹೋದರೆ ಹೊಲಗಳ ನಡುವೆ ಸುಣ್ಣ ಬಳಿದ ಸಣ್ಣ ಕಲ್ಲುಗಳು ಕಾಣುತ್ತವೆ. ತೊಗರಿ ಬೆಳೆಯುತ್ತಿದ್ದ ಕರಿ ಮಣ್ಣಿನಲ್ಲಿ ಈಗ ಮೂವತ್ತು-ನಲವತ್ತರ ಪ್ಲಾಟು. ಕಮಲಾಪುರದ ಹಾದಿಯಲ್ಲೂ ಇದೇ ಮಾತು. ನಮ್ಮ ಬಳಗದ ಒಬ್ಬರ ಮನೆಯವರು ಇಂಥದೊಂದು ಪ್ಲಾಟಿಗೆ ಮುಂಗಡ ಕೊಡಲು ಹೊರಟಾಗ ಕಾಗದ ನೋಡುವ ಕೆಲಸ ನಮಗೆ ಬಿತ್ತು. ‘ನೀವು ಓದಿದವರು, ನೋಡ್ರಿ’ ಅಂದರು. ಪಹಣಿ ಕೈಗೆ ಬಂದ ಮೇಲೆ ಗೊತ್ತಾಯಿತು, ನಮಗೆ ಅದನ್ನು ಓದಲು ಬರುವುದಿಲ್ಲ.

ಅಮೆರಿಕದಲ್ಲಿ ಈ ಕೆಲಸಕ್ಕೇ ಒಂದು ನೌಕರಿ ಇದೆ. ಟೈಟಲ್ ಕ್ಲೋಸರ್ ಅನ್ನುತ್ತಾರೆ. ಹಳೇ ದಾಖಲೆಯಲ್ಲಿ ಕಂಡ ತಕರಾರು ಬಗೆಹರಿದಿದೆಯೇ ನೋಡುವುದು, ಬಾಕಿ ತೀರಿಸುವುದು, ಎರಡೂ ಕಡೆಯವರ ಸಹಿ ಹಾಕಿಸುವುದು, ಹಣ ತಲುಪಿಸುವುದು ಅವರ ಕೆಲಸ. ಆಮೇಲೆ ಹಕ್ಕಿನಲ್ಲಿ ದೋಷ ಕಂಡರೆ ವಿಮೆಯೂ ಉಂಟು. ಅಂಥ ವಿಮೆ ಕಂಪನಿ 1876ರಲ್ಲೇ ಫಿಲಡೆಲ್ಫಿಯಾದಲ್ಲಿ ಶುರುವಾಗಿತ್ತು. ನಮ್ಮಲ್ಲಿ ಆ ಕೆಲಸ ಹರಿದು ಹಂಚಿ ಹೋಗಿದೆ. ಸ್ವಲ್ಪ ವಕೀಲರು, ಸ್ವಲ್ಪ ಬಾಂಡ್ ರೈಟರು, ಸ್ವಲ್ಪ ಏಜೆಂಟರು. ಉಳಿದದ್ದು ಕೊಳ್ಳುವವರ ಹಣೆಬರಹ.

ನಾವು ಮೊದಲು ಹೋಗಿದ್ದು ಒಬ್ಬ ಹಿರಿಯ ಬಾಂಡ್ ರೈಟರ್ ಹತ್ತಿರ. ಅವರು ಪಹಣಿ ನೋಡಿ ನಕ್ಕರು. ‘ತಮ್ಮಾ, ಪಾಣಿ ಯಾರ ಹೆಸರದ ಅಂತ ಹೇಳ್ತದ. ಆ ಹೆಸರು ಹೆಂಗ ಬಂತು ಅನ್ನೋದು ನೀವೇ ಹುಡುಕಬೇಕು. ಹಿಂದಕ್ಕ ಹೋಗ್ರಿ’ ಅಂದರು. ನಾವು ಹಿಂದಕ್ಕೆ ಹೋದೆವು. ಹೋದಷ್ಟೂ ಅದು ನಮ್ಮ ಸೀಮೆಯ ಚರಿತ್ರೆಯೇ ಆಗಿತ್ತು.

ಈ ನೆಲ 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಆಳ್ವಿಕೆಯಲ್ಲಿತ್ತು. ಸಾಲಾರ್ ಜಂಗರು ದಿವಾನರಾಗಿದ್ದಾಗ, 1860ರ ದಶಕದಲ್ಲಿ, ಜಿಲ್ಲೆ-ತಾಲ್ಲೂಕಿನ ವ್ಯವಸ್ಥೆ ಗಟ್ಟಿಯಾಯಿತು. ಮುಂದೆ ಹೊಲ ಅಳೆದು, ಸರ್ವೆ ನಂಬರು ಕೊಟ್ಟು, ಆಕಾರ ಕಟ್ಟಿದರು. ಆಡಳಿತದ ಭಾಷೆ ಮೊದಲು ಪರ್ಷಿಯನ್, 1880ರ ದಶಕದಿಂದ ಉರ್ದು. ಅದಕ್ಕೇ ನಮ್ಮ ಹಳೇ ಕಾಗದಗಳು ಉರ್ದುವಿನಲ್ಲಿವೆ. ಜಮೀನು, ಖರೀದಿ, ಹಿಸ್ಸಾ, ಖರಾಬು, ದಫ್ತರು ಎಂದು ನಾವು ದಿನಾ ಆಡುವ ಮಾತುಗಳೂ ಆ ಭಾಷೆಗಳ ಬಳುವಳಿಯೇ.

ಆ ಕಾಗದಗಳ ಮೇಲಿನ ಇಸವಿಯೂ ಬೇರೆ. ಅದು ಫಸ್ಲಿ. 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಫಸ್ಲಿ 1358 ಅಂದರೆ 1948-49. ಈ ಲೆಕ್ಕ ಗೊತ್ತಿಲ್ಲದೆ ನಾವು ಒಂದು ಕಾಗದವನ್ನು ಅರ್ಧ ದಿನ ತಿರುವಿ ಹಾಕಿದೆವು.

ಆಗ ಎಲ್ಲ ನೆಲವೂ ಒಂದೇ ಥರದ್ದಲ್ಲ. ಸರ್ಕಾರಕ್ಕೆ ನೇರ ಕಂದಾಯ ಕಟ್ಟುವ ನೆಲ ಇತ್ತು. ಜಾಗೀರುಗಳಿದ್ದವು. ಗುಡಿ, ದರ್ಗಾ ಮತ್ತು ಊರ ಚಾಕರಿಯವರಿಗೆ ಬಿಟ್ಟ ಇನಾಮುಗಳಿದ್ದವು. 1949ರ ಆಗಸ್ಟ್‌ನಲ್ಲಿ ಜಾಗೀರು ರದ್ದಾಯಿತು. 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂತು. ಅದೇ ದಶಕದಲ್ಲಿ ಇನಾಂ ರದ್ದತಿ ಕಾನೂನೂ ಬಂತು. ಉಳುವವನ ಹೆಸರು, ಒಡೆಯನ ಹೆಸರು ಎರಡೂ ಬರೆದಿಡಬೇಕಾಯಿತು. ಅದಕ್ಕೇ 1954-55ರ ಖಾಸ್ರಾ ಪಹಣಿಗೆ ಅಷ್ಟು ಬೆಲೆ. ‘ಖಾಸ್ರಾದಾಗ ಯಾರ ಹೆಸರದ?’ ಎಂದು ಇಂದಿಗೂ ಮೊದಲು ಕೇಳುತ್ತಾರೆ.

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಊರ ದಫ್ತರು ಮನೆತನದ ಕುಲಕರ್ಣಿಯವರ ಕೈಯಿಂದ ಸಂಬಳದ ನೌಕರರ ಕೈಗೆ ಹೋಯಿತು. ಆಮೇಲೆ 1974ರ ಮಾರ್ಚ್ 1. ಗೇಣಿಗೆ ಕೊಟ್ಟ ಜಮೀನೆಲ್ಲ ಅಂದಿಗೆ ಸರ್ಕಾರದ ವಶ. ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿ ಹಕ್ಕು ಪಡೆದರು. ಹಾಗೆ ಬಂದ ನೆಲವನ್ನು 15 ವರ್ಷ ಮಾರುವಂತಿರಲಿಲ್ಲ. 1979ರ ಜನವರಿ 1ರಿಂದ ಇನ್ನೊಂದು ಕಾಯ್ದೆ ಜಾರಿಗೆ ಬಂತು, ಜನ ಪಿಟಿಸಿಎಲ್ ಅನ್ನುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಖರೀದಿ ನಿಲ್ಲುವುದಿಲ್ಲ. ಬಡವರ ಕೈಯಿಂದ ನೆಲ ಜಾರಬಾರದು ಎಂದು ಮಾಡಿದ ಕಾನೂನು ಅದು. ಆದ್ದರಿಂದ ಪಹಣಿಯಲ್ಲಿ ಹೆಸರು ಇದ್ದರೆ ಸಾಲದು, ನೆಲ ಮೂಲತಃ ಯಾವ ಬಗೆಯದು ಎಂದು ತಿಳಿಯಬೇಕು.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು, ಆಗ 15 ರೂಪಾಯಿಗೆ ಒಂದು. ರೈತರಿಗೆ ದೊಡ್ಡ ಅನುಕೂಲವಾಯಿತು. ಆದರೆ ಹಳೇ ಪುಸ್ತಕದಲ್ಲಿದ್ದ ತಪ್ಪು ಕಂಪ್ಯೂಟರಿಗೆ ಹೋದರೆ ತಪ್ಪಾಗಿಯೇ ಉಳಿಯುತ್ತದೆ. ಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವ ತನಕ ಮಾತ್ರ ನಿಜ. ಪಹಣಿಯೇ ಹಕ್ಕುಪತ್ರ ಅಲ್ಲ.

ಬಾಂಡ್ ರೈಟರ್ ಕಾಕಾ ನಮಗೆ ಕಲಿಸಿದ್ದು ಇಷ್ಟು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು. 10ರಲ್ಲಿ ಆ ಹೆಸರು ಯಾವ ಮ್ಯುಟೇಶನ್ನಿನಿಂದ ಬಂತು ಎಂಬ ನಂಬರು. 11ರಲ್ಲಿ ಸಾಲ ಮತ್ತು ಇತರೆ ಹಕ್ಕು. 10ರ ನಂಬರು ಹಿಡಿದು ಮ್ಯುಟೇಶನ್ ತೆಗೆಸಬೇಕು, ಅದರ ಹಿಂದಿನದು, ಅದರ ಹಿಂದಿನದು, ಖಾಸ್ರಾ ತನಕ. ಉಪನೋಂದಣಿ ಕಚೇರಿಯಲ್ಲಿ 30 ವರ್ಷದ ಇಸಿ ತೆಗೆಸಬೇಕು. ಎನ್‌ಎ ಆದೇಶ ಮತ್ತು ಲೇಔಟ್ ಮಂಜೂರಿ ನೋಡಬೇಕು. ಪಂಚಾಯಿತಿ ಜಾಗವಾದರೆ ಇ-ಸ್ವತ್ತಿನ ನಮೂನೆ ಕೇಳಬೇಕು. ಕೊನೆಗೆ ಹೊಲಕ್ಕೇ ಹೋಗಿ, ಯಾರು ಬಿತ್ತುತ್ತಿದ್ದಾರೆ ಎಂದು ಬಾಜು ಹೊಲದವರನ್ನು ಮಾತಾಡಿಸಬೇಕು.

ನಾವು ಹಾಗೇ ಮಾಡಿದೆವು. ಖಾಸ್ರಾದಲ್ಲಿ ಅಜ್ಜನ ಹೆಸರು ಸರಿ ಇತ್ತು. ಇಸಿಯಲ್ಲಿ ತಕರಾರಿಲ್ಲ. ಎನ್‌ಎ ಆದೇಶವೂ ಇತ್ತು. ಸಿಕ್ಕಿಬಿದ್ದದ್ದು ಒಂದೇ ಮ್ಯುಟೇಶನ್ನಿನಲ್ಲಿ. ತಂದೆ ತೀರಿದ ಮೇಲೆ ಪೌತಿ ಆಗಿ ಇಬ್ಬರು ಗಂಡುಮಕ್ಕಳ ಹೆಸರು ಕೂತಿತ್ತು. ಬಾಜು ಹೊಲದ ಅಜ್ಜಿ ಹೇಳಿದಳು: ‘ಅವರಿಗಿ ಇಬ್ಬರು ಅಕ್ಕಂದಿರು ಅದಾರ ಅಲ್ಲ!’

ಮಾರುವವರನ್ನು ಕೇಳಿದರೆ ‘ಅವರಿಗೆ ಮದುವ್ಯಾಗ ಕೊಟ್ಟೀವಿ’ ಅಂದರು. ಅಕ್ಕಂದಿರು ಹಕ್ಕು ಬಿಟ್ಟುಕೊಟ್ಟ ಪತ್ರ ಎಲ್ಲಿಯೂ ಇಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟು ಪಾಲು. ಆ ದಿನಕ್ಕೆ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕಾನೂನು ಪ್ರಕಾರ ಪಾಲು ಆಗಿದ್ದರೆ ಮಾತು ಬೇರೆ. ಇಲ್ಲಿ ಅಂಥ ಪಾಲುಪತ್ರವೂ ಇರಲಿಲ್ಲ.

ಮನೆಯಲ್ಲಿ ಎರಡು ದಿನ ಜಗಳ. ‘ನೀವು ಹೀಗೆ ತಪ್ಪು ಹುಡುಕ್ತಾ ಕೂತರೆ ರೇಟು ಏರಿ ಹೋಗ್ತದ’ ಎಂದು ನಮ್ಮನ್ನೇ ಬೈದರು. ಕೊನೆಗೆ ತಾಯಿ ಅಂದದ್ದು ನಿಂತಿತು: ‘ಹೆಣ್ಣುಮಕ್ಕಳ ಸಹಿ ಇಲ್ಲದ ಜಾಗದಾಗ ನಮಗ ಮನಿ ಬ್ಯಾಡ.’ ಅಕ್ಕಂದಿರಿಬ್ಬರೂ ಬಂದು ಸಹಿ ಹಾಕಿದರೆ ಮಾತ್ರ ಮುಂಗಡ ಎಂದು ಹೇಳಿ ಕಳಿಸಿದೆವು. ಇನ್ನೂ ಉತ್ತರ ಬಂದಿಲ್ಲ.

ಆ ರಾತ್ರಿ ನಾವು ನಮ್ಮ ನಮ್ಮ ಮನೆಯ ಪಹಣಿಗಳನ್ನು ಮೊಬೈಲಿನಲ್ಲಿ ತೆಗೆದು ನೋಡಿದೆವು. ಅಪ್ಪ, ಚಿಕ್ಕಪ್ಪ, ದೊಡ್ಡಪ್ಪ ಎಲ್ಲ ಇದ್ದರು. ಒಂದರಲ್ಲೂ ಅತ್ತೆಯರ ಹೆಸರು ಇರಲಿಲ್ಲ. ಬೇರೆಯವರ ಕಾಗದದಲ್ಲಿ ನಾವು ಹುಡುಕಿದ ತಪ್ಪು ನಮ್ಮ ಮನೆಯಲ್ಲೇ ಇತ್ತು.

ನಿಮ್ಮ ಪಹಣಿಯನ್ನೂ ಒಮ್ಮೆ ತೆಗೆದು ನೋಡಿ. 9ನೇ ಕಾಲಂನಲ್ಲಿ ಯಾರಿದ್ದಾರೆ ಎಂದಷ್ಟೇ ಅಲ್ಲ, ಯಾರಿಲ್ಲ ಎಂದೂ ನೋಡಿ.